ಹೆಗಲೆತ್ತರದ ಗೋಡೆ

"ಗುರುಗಳೇ, ನನ್ನ ಮಠದ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಕುಲ ಕೇಳುವುದಿಲ್ಲ, ಕಾಣಿಕೆ ಕೇಳುವುದಿಲ್ಲ. ಆದರೂ ಊರಿನವರು ಒಳಗೆ ಕಾಲಿಡುವುದಿಲ್ಲ. ಒಳ್ಳೆಯ ಮಾತಿನ ರುಚಿಯೇ ಅವರಿಗಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ತಾಯಿ ಚಿತ್ರ ಬರೆಯುವವಳು. ನಲವತ್ತು ವರ್ಷ ಮಹಡಿಯ ಕಿಟಕಿಯಲ್ಲಿ ಕುಳಿತು, ಬೀದಿಯಲ್ಲಿ ಹುಲ್ಲು ಸೌದೆ ಹೊತ್ತು ಹೋಗುವ ಹೆಂಗಸರನ್ನೇ ಬರೆದಿದ್ದಳು. ಮಗ ಆ ಚಿತ್ರಗಳಿಗೆಂದೇ ಒಂದು ಚಿತ್ರಶಾಲೆ ಕಟ್ಟಿಸಿದ. ದೊಡ್ಡ ಮನುಷ್ಯರು ಬಂದರು, ತಲೆದೂಗಿದರು, ಹೋದರು. ಮುದುಕಿಗೆ ಸಮಾಧಾನವಾಗಲಿಲ್ಲ. ಅವಳ ಕಣ್ಣು ಮಂಜಾಗುತ್ತ ಬಂದಿತ್ತು. "ನಾನು ಯಾರನ್ನು ಬರೆದೆನೋ ಅವರೇ ನೋಡಲಿಲ್ಲವಲ್ಲ ಮಗ. ಕಣ್ಣು ಪೂರ್ತಿ ಹೋಗುವ ಮೊದಲು, ಅವರು ನೋಡುವುದನ್ನು ನಾನೊಮ್ಮೆ ನೋಡಬೇಕು" ಎನ್ನುತ್ತಿದ್ದಳು.

ಸಿರಿವಂತರಿಗೆ ಎಲ್ಲ ಕೊರತೆಗೂ ದೊಡ್ಡದು ಕಟ್ಟುವುದೇ ಮದ್ದು. ವರ್ತಕ ಒಬ್ಬ ಹೆಸರಾಂತ ಶಿಲ್ಪಿಯನ್ನು ಕರೆಸಿದ. ಚಿತ್ರಶಾಲೆ ಇಮ್ಮಡಿಯಾಗಬೇಕು, ಬೆಟ್ಟದಿಂದ ಹೊಸ ಕಲ್ಲು ಬರಲಿ, ಅಂಗಳದ ಹೊಂಗೆ ಮರಗಳನ್ನು ಕಡಿದು ಜಾಗ ಮಾಡು ಎಂದ.

ಶಿಲ್ಪಿ ಅಳತೆಯ ದಾರವನ್ನೇ ಬಿಚ್ಚಲಿಲ್ಲ. ಎಂಟು ದಿನ ಹೊಂಗೆಯ ನೆರಳಿನಲ್ಲಿ ಕುಳಿತು ತೆರೆದ ಬಾಗಿಲಿನಿಂದ ಬೀದಿ ನೋಡಿದ. ಕೂರಲಿಕ್ಕೂ ಕೂಲಿ ಕೊಡಬೇಕಾಯಿತೆಂದು ವರ್ತಕ ಗೊಣಗಿದ. ಶಿಲ್ಪಿಗೂ ಒಳಗೊಳಗೇ ಅಳುಕು. ಕಟ್ಟಿ ಕಟ್ಟಿ ಕೈ ಪಳಗಿದವನಿಗೆ ಏನು ಕಟ್ಟಬೇಕೆಂಬುದೇ ಹೊಳೆಯುತ್ತಿರಲಿಲ್ಲ. ಚಿತ್ರಶಾಲೆಯ ಸುತ್ತ ಎರಡಾಳೆತ್ತರದ ಗೋಡೆ. ಹೊರೆ ಹೊತ್ತ ಹೆಂಗಸರು ಅದರ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದರು, ಕಣ್ಣನ್ನಷ್ಟೇ ಒಳಗೆ ಹೊರಳಿಸುತ್ತಿದ್ದರು, ಮುಂದೆ ಸಾಗುತ್ತಿದ್ದರು. ಹೊರೆ ಇಳಿಸಲೆಂದು ವರ್ತಕ ನೆಲಕ್ಕೆ ಹಾಸಿಸಿದ್ದ ಚಪ್ಪಡಿಗಳು ಖಾಲಿ ಬಿದ್ದಿದ್ದವು.

ಒಂಬತ್ತನೆಯ ದಿನ ಶಿಲ್ಪಿ ಹುಲ್ಲು ಹೊತ್ತವಳೊಬ್ಬಳನ್ನು ಕೇಳಿದ. "ಇಷ್ಟು ಆಸೆಯಿಂದ ನೋಡ್ತೀಯಲ್ಲ ತಾಯಿ, ಹೊರೆ ಇಳಿಸಿ ಒಳಗೆ ಹೋಗಬಾರದೆ?"

"ಇಳಿಸೋದೇನು ದೊಡ್ಡದಪ್ಪ. ಆಮೇಲೆ ತಲೆಗೆ ಎತ್ತಿಕೊಡೋರು ಯಾರು?" ಎಂದು ಅವಳು ನಡೆದೇಬಿಟ್ಟಳು.

ಶಿಲ್ಪಿಗೆ ನಾಚಿಕೆಯಾಯಿತು. ಅವನನ್ನು ಹೆತ್ತವಳೂ ಹೊರೆ ಹೊತ್ತೇ ಸಾಕಿದ್ದಳು. ಅವನು ಅದನ್ನು ಮರೆತಿದ್ದ.

ಮರುದಿನವೇ ಗೋಡೆ ಬಿಚ್ಚಲು ತೊಡಗಿದ. ಹೆಗಲೆತ್ತರಕ್ಕೆ ನಿಲ್ಲಿಸಿ, ನೆಲದ ಚಪ್ಪಡಿಗಳನ್ನು ಅದರ ಮೇಲೆ ಹಾಸಿದ. ಬಿಚ್ಚಿದ ಕಲ್ಲಿನಲ್ಲೇ, ಹೊಂಗೆ ಮರಗಳ ನಡುವಿನ ಜಾಗದಲ್ಲಿ, ಒಂದು ತೆರೆದ ಪಡಸಾಲೆ ಕಟ್ಟಿ ಚಿತ್ರಗಳನ್ನು ತೂಗುಹಾಕಿದ. ಬೆಟ್ಟದಿಂದ ಒಂದು ಕಲ್ಲೂ ಬರಲಿಲ್ಲ, ಒಂದು ಮರವೂ ಉರುಳಲಿಲ್ಲ. ವರ್ತಕನ ಮುಖ ಮಾತ್ರ ಹುಳ್ಳಗಾಯಿತು.

ಹುಲ್ಲಿನವಳು ಬಂದಳು. ಗೋಡೆಯನ್ನು ಕಂಡಳು. ತಲೆ ಬಾಗಿಸಿ ಹೊರೆಯನ್ನು ಅದರ ಮೇಲೆ ಜಾರಿಸಿದಳು. ಹೊರೆಯ ಕೆಳಗೆ ತಲೆಗಿಟ್ಟಿದ್ದ ಬಟ್ಟೆಯ ಸಿಂಬಿಯನ್ನು ಕೈಯಲ್ಲಿ ಹಿಡಿದು ಒಳಗೆ ನಡೆದಳು. ಮೂಲೆಯಲ್ಲಿ ಕುಳಿತಿದ್ದ ಮುದುಕಿ ನೋಡುತ್ತಿದ್ದಳು.

ಒಂದು ಚಿತ್ರದ ಮುಂದೆ ಹುಲ್ಲಿನವಳು ನಿಂತಳು. ಬಹಳ ಹೊತ್ತು ನಿಂತಳು.

"ಇವಳು ನಮ್ಮತ್ತೆ. ಈ ಹಸಿರು ಅಂಚಿನ ಸಿಂಬಿ ಅವಳದೇ. ಸಾಯೋವಾಗ ನನಗೆ ಕೊಟ್ಟಳು" ಎಂದು ಕೈಯಲ್ಲಿದ್ದುದನ್ನು ತೋರಿಸಿದಳು.

"ಹೆಸರೇನಮ್ಮ ಅವಳದು?" ಎಂದು ಮುದುಕಿ ಕೇಳಿದಳು.

"ಪುಟ್ಟಮಾದಿ."

ಎಷ್ಟೋ ಸಲ ಬರೆದ ಮುಖದ ಹೆಸರು ಮುದುಕಿಗೆ ಅಂದು ತಿಳಿಯಿತು. ಅವಳು ಆ ಹೆಸರು ಹೇಳಿಕೊಂಡು ಅತ್ತಳು. ವರ್ತಕನೂ ಕಣ್ಣೊರೆಸಿಕೊಂಡ. ಹುಲ್ಲಿನವಳು ಹೊರಗೆ ಬಂದು, ಗೋಡೆಗೆ ಒತ್ತಿ ನಿಂತು, ತಲೆಗೊಟ್ಟು, ಯಾರ ಕೈಯ ಹಂಗೂ ಇಲ್ಲದೆ ಹೊರೆ ಎತ್ತಿಕೊಂಡು ಹೋದಳು. ಮರುದಿನ ಆ ಗೋಡೆಯ ಮೇಲೆ ನಾಲ್ಕು ಹೊರೆಗಳಿದ್ದವು.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ನಾನೂ ಮಠದ ಗೋಡೆ ಇಳಿಸಬೇಕೇ?" ಎಂದ ಶಿಷ್ಯ.

"ಗೋಡೆಯ ಮಾತು ಇರಲಿ, ನಿನ್ನ ಬಾಗಿಲ ಮುಂದೆ ದಿನವೂ ಹಾದುಹೋಗುವವರು ಹೊತ್ತಿರುವುದೇನು, ಹೇಳು" ಎಂದರು ಗುರು.

ಮರುದಿನ ಬೆಳಗ್ಗೆ ಶಿಷ್ಯ ತನ್ನ ಮಠದ ಬಾಗಿಲ ಹೊರಗೆ, ಬೀದಿಗೆ ಮುಖಮಾಡಿ ಕುಳಿತ.