ಪಿಟೀಲು ನಿಂತ ಜಾಗ

ಕಡಲಾಚೆಯ ಐರ್ಲೆಂಡಿನಲ್ಲಿ, ಒಂದು ನದಿಯ ದಂಡೆಯ ಮೇಲೆ, ಮ್ಯಾಲಕಿ ಎಂಬ ಮುದುಕ ಮೇಷ್ಟ್ರು ಇದ್ದರು. ಅವರು ಕಲಿಸುತ್ತಿದ್ದದ್ದು ಅಕ್ಷರವಲ್ಲ. ಪಿಟೀಲು ಮತ್ತು ಕುಣಿತ.

ಆ ನಾಡಿನ ಕುಣಿತದಲ್ಲಿ ಕೈಗೆ ಕೆಲಸವಿಲ್ಲ. ಮೈ ನೇರ, ಮುಖ ನೇರ, ಕೈ ಪಕ್ಕದಲ್ಲಿ ಇಳಿಬಿದ್ದಿರುತ್ತದೆ. ಮಾತೆಲ್ಲ ಕಾಲಿನದು. ಗಟ್ಟಿ ಅಟ್ಟೆಯ ಬೂಟು ತೊಟ್ಟು, ನೆಲವನ್ನೇ ಮದ್ದಳೆ ಮಾಡಿಕೊಂಡು, ಪಿಟೀಲಿಗೆ ಕಾಲಿನಿಂದ ಜೊತೆ ಕೊಡಬೇಕು.

ಆದರೆ ಬಡವರ ಮನೆಯ ಮಣ್ಣಿನ ನೆಲ ಸದ್ದು ಮಾಡುವುದಿಲ್ಲ. ಅದಕ್ಕೇ ಅಲ್ಲೊಂದು ರೂಢಿ. ಕುಣಿತವಿದ್ದ ದಿನ ಯಾರದಾದರೂ ಮನೆಯ ಬಾಗಿಲನ್ನು ಕೀಲಿನಿಂದ ಕಳಚಿ ತಂದು ನೆಲದ ಮೇಲೆ ಮಲಗಿಸುತ್ತಾರೆ. ಕುಣಿಯುವವನು ಅದರ ಮೇಲೆ ನಿಲ್ಲುತ್ತಾನೆ.

ಮೇಷ್ಟ್ರ ನೆರೆಮನೆಯ ಹೊನೋರಾ ಅಜ್ಜಿಯ ಬಾಗಿಲಿನಷ್ಟು ಚೆನ್ನಾಗಿ ನುಡಿಯುವ ಬಾಗಿಲು ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ.

"ತಗೊಂಡು ಹೋಗ್ರಪ್ಪಾ," ಎನ್ನುತ್ತಿದ್ದಳು ಅಜ್ಜಿ. "ನೀವು ಕುಣಿಯೋಷ್ಟು ಹೊತ್ತೂ ನನ್ನ ಹಂದಿಗಳು ಒಳಗೆ ಬಂದು ಹಾಸಿಗೆ ಮೇಲೆ ಮಲಗಲಿ. ಅವಾದ್ರೂ ಸುಖ ಕಾಣಲಿ."

ಮೇಷ್ಟ್ರಿಗೆ ಇಬ್ಬರು ಶಿಷ್ಯರು ಉಳಿದಿದ್ದರು. ಕುಣಿತಕ್ಕೆ ಫಿಂಟನ್, ಪಿಟೀಲಿಗೆ ಊನಾ. ಹಾಲುಹಲ್ಲು ಬೀಳುವ ವಯಸ್ಸಿನಿಂದ ಒಟ್ಟಿಗೇ ಕಲಿತವರು.

ಒಮ್ಮೆ ಫಿಂಟನ್ ಕೇಳಿದ: "ಮೇಷ್ಟ್ರೇ, ಪಿಟೀಲು ಕಾಲಿನ ಹಿಂದೆ ಹೋಗಬೇಕೋ, ಕಾಲು ಪಿಟೀಲಿನ ಹಿಂದೆ ಹೋಗಬೇಕೋ?"

ಮೇಷ್ಟ್ರು ಊನಾಳ ಕೈಯಿಂದ ಪಿಟೀಲು ತೆಗೆದುಕೊಂಡರು. "ಕುಣಿ," ಎಂದರು.

ಫಿಂಟನ್ ಕುಣಿದ. ಆವತ್ತು ಕಾಲು ಹೇಳಿದಂತೆ ಕೇಳುತ್ತಿತ್ತು. ಖುಷಿಗೆ ಕಣ್ಣು ಮುಚ್ಚಿಕೊಂಡ. ಮುಗಿಸಿ ಕಣ್ಣು ತೆರೆದಾಗ ಊನಾ ಬಾಯಿಗೆ ಶಾಲು ಒತ್ತಿಕೊಂಡು ನಗುತ್ತಿದ್ದಳು.

"ಯಾವ ಧಾಟಿಗೆ ಕುಣಿದೆ?" ಎಂದು ಮೇಷ್ಟ್ರು ಕೇಳಿದರು.

"ದಿನಾ ನುಡಿಸೋದೇ ಅಲ್ವಾ?"

"ಅರ್ಧಕ್ಕೇ ಅದನ್ನ ಬಿಟ್ಟು ಬೇರೇದು ಹಿಡಿದ್ರು ಕಣೋ," ಎಂದಳು ಊನಾ. "ನಿನ್ನ ಕಾಲು ಮಾತ್ರ ಗಾಣದೆತ್ತಿನ ಹಾಗೆ ಹಳೇ ಸುತ್ತೇ ಸುತ್ತುತಿತ್ತು."

ಫಿಂಟನ್ ತಲೆ ತಗ್ಗಿಸಿದ. ಆದರೂ, "ನನ್ನ ಪ್ರಶ್ನೆಗೆ ಉತ್ತರ, ಮೇಷ್ಟ್ರೇ?" ಎಂದ.

"ಯಾರಿಗೆ ಕೇಳಿಸುತ್ತೋ ಅವರು ಹಿಂದೆ ಹೋಗ್ತಾರೆ."

ಆ ಚಳಿಗಾಲವಿಡೀ ಅವನು ಬೂಟು ಮುಟ್ಟಲಿಲ್ಲ. ಬರಿಗಾಲಲ್ಲಿ ಕುಣಿದ. ವಸಂತ ಬರುವಷ್ಟರಲ್ಲಿ ಅವನ ಕಿವಿ ತೆರೆದಿತ್ತು. ಧಾಟಿಯ ತಿರುವು ಬರುವ ಮೊದಲು ಊನಾ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದಳು. ಅವಳಿಗೇ ಗೊತ್ತಿಲ್ಲದ ಆ ಉಸಿರು ಅವನಿಗೆ ಕೇಳಿಸುತ್ತಿತ್ತು.

ಅವರಿಬ್ಬರೂ ಸೇರಿದರೆ ನಾಲ್ಕು ಹಳ್ಳಿಯ ಜನ ಕೆಲಸ ಬಿಟ್ಟು ಬರುತ್ತಿದ್ದರು. ಎಲ್ಲಿಗೆ ತಂತಿ ಮುಗಿಯಿತು, ಎಲ್ಲಿಂದ ಕಾಲು ಶುರುವಾಯಿತು ಎಂದು ಹೇಳುವುದು ಕಷ್ಟ ಎನ್ನುತ್ತಿದ್ದರು.

ನದಿಯ ಆಚೆ ದಡದಲ್ಲಿ ಇನ್ನೊಬ್ಬ ಕುಣಿತದ ಮೇಷ್ಟ್ರಿದ್ದ. ಆ ಕಾಲದಲ್ಲಿ ಮೇಷ್ಟ್ರುಗಳು ಹಳ್ಳಿಗಳನ್ನು ಹಂಚಿಕೊಂಡಿರುತ್ತಿದ್ದರು. ಒಬ್ಬನ ಹಳ್ಳಿಯಲ್ಲಿ ಇನ್ನೊಬ್ಬ ಕಲಿಸುವ ಹಾಗಿಲ್ಲ. ತಕರಾರು ಬಂದರೆ ಶಿಷ್ಯರು ಎದುರುಬದುರು ನಿಂತು ಕುಣಿಯಬೇಕು. ಗೆದ್ದವರ ಮೇಷ್ಟ್ರಿಗೆ ಹಳ್ಳಿ. ಸೋತವರ ಮೇಷ್ಟ್ರು ಆ ಕಡೆ ಮತ್ತೆ ಕಾಲಿಡುವಂತಿಲ್ಲ.

ಆಚೆ ದಡದವನು ಮ್ಯಾಲಕಿ ಮೇಷ್ಟ್ರ ಹಳ್ಳಿಗಳನ್ನೆಲ್ಲ ಕೇಳಿ ಸವಾಲು ಹಾಕಿದ.

"ಮುದುಕನಿಗೆ ಹಳ್ಳಿ ಯಾಕೆ? ಬೆಂಕಿ ಪಕ್ಕ ಒಂದು ಕುರ್ಚಿ ಸಾಕು," ಎಂದನಂತೆ.

ಮೇಷ್ಟ್ರು ಅದನ್ನು ಕೇಳಿ ನಕ್ಕರು. ಆದರೆ ಆಮೇಲಿನ ಎರಡು ವಾರ ಅವರು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿರುವುದನ್ನು ಫಿಂಟನ್ ನೋಡಿದ. ಏನಾದರೂ ಆಗಲಿ, ಗೆಲ್ಲಬೇಕು ಎಂದುಕೊಂಡ.

ಸ್ಪರ್ಧೆ ಭಾನುವಾರ ಮಧ್ಯಾಹ್ನ, ಹಿಟ್ಟಿನ ಗಿರಣಿಯ ಅಂಗಳದಲ್ಲಿ. ಹೊನೋರಾ ಅಜ್ಜಿಯ ಬಾಗಿಲನ್ನು ನಾಲ್ಕು ಜನ ಹೆಣದ ಹಾಗೆ ಹೊತ್ತು ತಂದರು. ಅಜ್ಜಿ ಬೈಯುತ್ತ ಹಿಂದೆಯೇ ಬಂದಳು.

ಶುರುವಾಗುವ ಮುಂಚೆ ಊನಾ ಫಿಂಟನ್‌ನನ್ನು ಪಕ್ಕಕ್ಕೆ ಕರೆದಳು. ಅವಳ ಎಡಗೈಯ ನಡುಬೆರಳಿಗೆ ಬಟ್ಟೆ ಸುತ್ತಿತ್ತು.

"ಬೆಳಿಗ್ಗೆ ಮೀನು ಹೆಚ್ಚೋವಾಗ ಕೊಯ್ದುಕೊಂಡೆ. ಮೇಷ್ಟ್ರಿಗೆ ಹೇಳಬೇಡ, ಗಾಬರಿ ಆಗ್ತಾರೆ."

"ನುಡಿಸೋಕೆ ಆಗುತ್ತಾ?"

"ಮೊದಲ ಸುತ್ತು ಹೇಗೋ ಆಗುತ್ತೆ. ಎರಡನೇ ಸುತ್ತಲ್ಲಿ ಆ ಬೆರಳಿಗೇ ಕೆಲಸ ಜಾಸ್ತಿ. ಅಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ನನಗೋಸ್ಕರ ಕಾಯ್ತೀಯಾ?"

"ಕಾಯ್ತೀನಿ ಕಣೇ. ಅದನ್ನೂ ಕೇಳಬೇಕಾ?"

ಆಚೆ ದಡದ ಹುಡುಗ ಮೊದಲು ಕುಣಿದ. ಚೆನ್ನಾಗಿಯೇ ಕುಣಿದ. ಜನ ಟೋಪಿ ಎಸೆದರು.

ಆಮೇಲೆ ಊನಾ ಸ್ಟೂಲಿನ ಮೇಲೆ ಕೂತು ಕಮಾನು ಎತ್ತಿದಳು. ಫಿಂಟನ್ ಬಾಗಿಲಿನ ಮೇಲೆ ಹತ್ತಿದ.

ಮೊದಲ ಸುತ್ತು ನೀರಿನ ಹಾಗೆ ಹರಿಯಿತು. ಜನ ಮುಂದಕ್ಕೆ ಬಾಗಿದರು. ಯಾರೋ ಒಬ್ಬ ಚಪ್ಪಾಳೆ ಹೊಡೆಯತೊಡಗಿದ, ಪಕ್ಕದವನು ಸೇರಿಕೊಂಡ, ಅಂಗಳವೆಲ್ಲ ಸೇರಿಕೊಂಡಿತು. ಚಪ್ಪಾಳೆಯ ವೇಗ ಏರುತ್ತಿತ್ತು.

ಎರಡನೇ ಸುತ್ತು ಬಂತು. ಕೊಟ್ಟ ಮಾತು ಫಿಂಟನ್‌ಗೆ ನೆನಪಿತ್ತು. ಮರೆತುಬಿಟ್ಟೆ ಎಂದು ಮುಂದೆ ಅವನು ಕೆಲವರ ಹತ್ತಿರ ಹೇಳಿಕೊಂಡದ್ದು ನಿಜವಲ್ಲ. ಪಿಟೀಲು ಒಂದು ಹೆಜ್ಜೆ ಹಿಂದೆ ಬಿದ್ದದ್ದು ಅವನಿಗೆ ಕೇಳಿಸಿತು. ಒಂದು ಸ್ವರ ತಪ್ಪಿದ್ದೂ ಕೇಳಿಸಿತು. ಈಗ ಕಾದರೆ ಚಪ್ಪಾಳೆಯ ತಾಳ ಮುರಿಯುತ್ತದೆ ಎನ್ನಿಸಿತು. ಅವಳ ತಪ್ಪು ಜನರಿಗೆ ಕೇಳಿಸದ ಹಾಗೆ ನಾನು ಮುಚ್ಚುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಕಾಲನ್ನು ಜೋರು ಮಾಡಿದ. ಇನ್ನೂ ಜೋರು ಮಾಡಿದ.

ಆಮೇಲೆ ಅವನಿಗೆ ಏನೂ ಕೇಳಿಸಲಿಲ್ಲ.

ಕೊನೆಯ ಹೆಜ್ಜೆ ಬಿದ್ದಾಗ ಅಂಗಳ ಭೋರೆಂದಿತು. ಆಚೆ ದಡದ ಮೇಷ್ಟ್ರು ತಾನಾಗಿಯೇ ಟೋಪಿ ತೆಗೆದು ಸೋಲು ಒಪ್ಪಿಕೊಂಡ. ಮ್ಯಾಲಕಿ ಮೇಷ್ಟ್ರು ಹುಡುಗನ ಹಾಗೆ ಓಡಿಬಂದು ಫಿಂಟನ್‌ನನ್ನು ತಬ್ಬಿಕೊಂಡರು.

"ಪಿಟೀಲಿನ ಹುಡುಗೀನೂ ಕರೀರಿ!" ಎಂದು ಯಾರೋ ಕೂಗಿದರು.

ಎಲ್ಲರೂ ತಿರುಗಿ ನೋಡಿದರು. ಸ್ಟೂಲು ಖಾಲಿ ಇತ್ತು.

"ಅವಳು ಆಗಲೇ ಎದ್ದು ಹೋದಳಲ್ಲ," ಎಂದಳು ಹೊನೋರಾ ಅಜ್ಜಿ. "ಪಿಟೀಲು ಶಾಲಿನೊಳಗೆ ಇಟ್ಟುಕೊಂಡು ನನ್ನ ಮುಂದೇನೇ ಹೋದಳು. ನೀನು ಕುಣೀತಾನೇ ಇದ್ದೆ."

ಮೇಷ್ಟ್ರ ಕೈ ಫಿಂಟನ್‌ನ ಹೆಗಲಿನಿಂದ ಜಾರಿತು. ಅವರು ಅವನ ಮುಖ ನೋಡಲಿಲ್ಲ. ಗಿರಣಿಯ ಅಂಗಳದಿಂದ ನಡೆದುಹೋದರು.

ಊನಾ ಮಾರನೆಯ ದಿನವೇ ಬಂದರಿನ ಊರಿನಲ್ಲಿದ್ದ ತನ್ನ ಚಿಕ್ಕಮ್ಮನ ಮನೆಗೆ ಹೋದಳು. ಅದು ಒಂದು ದಿನದ ದಾರಿ. ಅವಳೇ ಬಂದು ಬೈಯಲಿ ಎಂದು ಫಿಂಟನ್‌ಗೆ ಒಂದು ಮನಸ್ಸು. ನಾಳೆ ನಾನೇ ಹೋದರಾಯಿತು ಎಂದು ಇನ್ನೊಂದು ಮನಸ್ಸು. ಹೀಗೆ ದಿನ ತಳ್ಳುವಾಗ ಚಳಿ ಬಂತು. ಚಳಿಯಲ್ಲಿ ಊನಾಳಿಗೆ ಎದೆಯ ಜ್ವರ ಬಂತು. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು.

ಫಿಂಟನ್ ಕುಣಿಯುವುದನ್ನು ಬಿಟ್ಟ.

ಒಂದೇ ಒಂದು ವಿಷಯ ಅವನನ್ನು ಕೊರೆಯುತ್ತಿತ್ತು. ಅವಳು ಎಲ್ಲಿ ನಿಲ್ಲಿಸಿದಳು? ಎರಡನೇ ಸುತ್ತಿನ ಮೊದಲಲ್ಲೇ? ತಿರುವಿನಲ್ಲೇ? ತಾನು ಕಾಯುತ್ತೇನೆಂದು ಅವಳು ಎಷ್ಟು ದೂರ ನಂಬಿಕೊಂಡು ಬಂದಳು? ಅಷ್ಟಾದರೂ ತಿಳಿಯಬೇಕು.

ಅಂದು ಅಂಗಳದಲ್ಲಿದ್ದವರನ್ನೆಲ್ಲ ಹುಡುಕಿ ಹುಡುಕಿ ಕೇಳಿದ.

"ಅಬ್ಬಾ, ಏನು ಕುಣಿತ ಮಾರಾಯಾ!" ಎಂದ ಗಿರಣಿಯವನು. "ಪಿಟೀಲಾ? ಇತ್ತಲ್ಲ ಕೊನೇವರೆಗೂ?"

ಹೊನೋರಾ ಅಜ್ಜಿಯನ್ನೂ ಕೇಳಿದ.

"ನನಗೆ ರಾಗ ತಾಳ ಎಲ್ಲಿ ಗೊತ್ತಪ್ಪಾ? ನನ್ನ ಕಣ್ಣೆಲ್ಲ ಬಾಗಿಲ ಮೇಲಿತ್ತು, ಎಲ್ಲಿ ಸೀಳಿಬಿಡ್ತೀಯೋ ಅಂತ. ಅವಳು ಹೋಗುವಾಗ ಬೆರಳಿನ ಬಟ್ಟೆ ಕೆಂಪಾಗಿತ್ತು. ಅಷ್ಟೇ ನೋಡಿದ್ದು." ಅಜ್ಜಿ ಮತ್ತೆ ಹೇಳಿದಳು: "ನಿನ್ನ ಮೇಷ್ಟ್ರನ್ನ ಕೇಳು. ನದೀಲಿ ಮೀನು ತಿರುಗಿದರೂ ಕೇಳಿಸೋ ಕಿವಿ ಅವರದು."

ಮೇಷ್ಟ್ರ ಹತ್ತಿರ ಹೋಗಲು ಫಿಂಟನ್‌ಗೆ ಧೈರ್ಯವಿರಲಿಲ್ಲ. ಅವರಿಗೆ ಎಲ್ಲ ಗೊತ್ತು, ಅದಕ್ಕೇ ಅವತ್ತಿನಿಂದ ನನ್ನನ್ನು ಕರೆಯಲಿಲ್ಲ ಎಂದುಕೊಂಡಿದ್ದ. ಗೆದ್ದು ಉಳಿಸಿಕೊಂಡ ಹಳ್ಳಿಗಳಲ್ಲಿ ಒಂದಕ್ಕೂ ಅವರು ಕಲಿಸಲು ಹೋಗಿಲ್ಲ ಎಂದು ಜನ ಹೇಳುತ್ತಿದ್ದರು. ಅದೂ ತನ್ನ ಮೇಲಿನ ಅಸಹ್ಯಕ್ಕೇ ಇರಬೇಕು ಎಂದು ತಿಳಿದಿದ್ದ.

ಆ ಸ್ಪರ್ಧೆಗೆ ವರ್ಷ ತುಂಬಿದ ದಿನ, ತಡೆಯಲಾರದೆ ಹೋದ.

ಮೇಷ್ಟ್ರು ಆಲೂಗಡ್ಡೆ ಸುಲಿಯುತ್ತಿದ್ದರು. ಬಹಳ ಸೊರಗಿದ್ದರು.

"ಕೂತ್ಕೋ. ಊಟ ಆಯ್ತಾ?"

"ಮೇಷ್ಟ್ರೇ, ಒಂದು ಕೇಳಬೇಕು. ನೀವು ಎಷ್ಟು ಬೇಕಾದರೂ ಬೈಯಿರಿ. ಆದರೆ ಹೇಳಿ. ಅವತ್ತು ಊನಾ ಎಲ್ಲಿ ನಿಲ್ಲಿಸಿದಳು?"

ಮೇಷ್ಟ್ರು ಚಾಕುವನ್ನು ಕೆಳಗಿಟ್ಟರು. ಎದ್ದುಹೋಗಿ ತಮ್ಮ ಮನೆಯ ಬಾಗಿಲನ್ನೇ ಕಳಚತೊಡಗಿದರು. ಫಿಂಟನ್ ಕೈ ಕೊಟ್ಟ. ಇಬ್ಬರೂ ಸೇರಿ ಅದನ್ನು ಒಲೆಯ ಮುಂದೆ ಹಾಸಿದರು. ಹೊರಗಿನ ಗಾಳಿ ನೇರ ಒಳಗೆ ನುಗ್ಗಿತು.

ಮೇಷ್ಟ್ರು ಗೋಡೆಯ ಮೇಲಿನ ಪಿಟೀಲು ತೆಗೆದು ಶ್ರುತಿ ಮಾಡಿದರು. "ಕುಣಿ," ಎಂದರು.

"ನನ್ನಿಂದ ಆಗಲ್ಲ, ಮೇಷ್ಟ್ರೇ."

"ಕುಣಿ."

ಅದೇ ಧಾಟಿ. ಫಿಂಟನ್‌ನ ಕಾಲು ತಡವರಿಸಿತು, ಆಮೇಲೆ ಹಿಡಿದುಕೊಂಡಿತು. ಮೊದಲ ಸುತ್ತು ಮುಗಿಯಿತು. ಎರಡನೆಯದು ಶುರುವಾಗಿ ನಾಲ್ಕು ಹೆಜ್ಜೆಗೆ ಪಿಟೀಲು ನಿಂತಿತು.

ಫಿಂಟನ್ ನಿಂತ. "ಇಲ್ಲೇನಾ?"

ಮೇಷ್ಟ್ರು ಕಮಾನು ಎತ್ತಿದರು. ಮತ್ತೆ ಮೊದಲಿಂದ ನುಡಿಸಿದರು. ಈ ಸಲ ತಿರುವು ದಾಟಿ ನಿಲ್ಲಿಸಿದರು. ಮನೆಯೊಳಗಿನ ಮೌನ ಫಿಂಟನ್‌ನ ಎದೆಗೆ ಬಂದು ಬಡಿಯಿತು.

"ಇಲ್ಲಿಯಾ? ಮೇಷ್ಟ್ರೇ, ಇಲ್ಲೇನಾ?"

ಮತ್ತೆ ಮೊದಲಿಂದ. ಈ ಸಲ ಅರ್ಧ ಸ್ವರದಲ್ಲೇ ಕಮಾನು ನಿಂತಿತು. ಮತ್ತೆ ಮೊದಲಿಂದ. ಎಷ್ಟು ಸಲವೋ ಫಿಂಟನ್ ಲೆಕ್ಕ ಇಡಲಿಲ್ಲ. ಒಂದೊಂದು ಸಲವೂ ಪಿಟೀಲು ನಿಂತದ್ದು ಅವನಿಗೆ ಕೇಳಿಸಿತು. ಒಂದೊಂದು ಸಲವೂ ಬೇರೆಯೇ ಜಾಗ.

ಕೊನೆಗೆ ಅವನು ಬಾಗಿಲಿನ ಮೇಲೆಯೇ ಕುಸಿದು ಕೂತ.

"ಸಾಕು ಮೇಷ್ಟ್ರೇ. ನಿಮಗೆ ಗೊತ್ತು. ನಿಮ್ಮ ಕಿವಿ ತಪ್ಪೋದಿಲ್ಲ. ನನ್ನನ್ನ ಶಿಕ್ಷಿಸೋಕೆ ಹೀಗೆ ಆಡಿಸ್ತಿದೀರಾ? ಒಂದೇ ಜಾಗ ತೋರಿಸಿ. ಯಾಕೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲಿಸ್ತೀರಿ?"

ಮೇಷ್ಟ್ರು ಪಿಟೀಲನ್ನು ತೊಡೆಯ ಮೇಲೆ ಮಲಗಿಸಿದರು.

"ನಾನೂ ಒಂದು ವರ್ಷದಿಂದ ಹುಡುಕ್ತಾನೇ ಇದೀನಿ, ಮಗೂ," ಎಂದರು. "ಅವತ್ತು ನಾನು ನಿನ್ನ ಕಾಲನ್ನೇ ನೋಡ್ತಾ ಇದ್ದೆ."