ಪೂಜೆಗೆ ಇಟ್ಟ ಪುಸ್ತಕ

"ಗುರುಗಳೇ, ಇಷ್ಟು ದಣಿದವನು ಗ್ರಂಥ ಮುಟ್ಟಬಹುದೇ?" ಎಂದು ಶಿಷ್ಯ ಶೇಷಪ್ಪ ಕೇಳಿದ.

ಊರಿಗೆ ಜ್ವರ ಬಂದು ಮಠದ ಚಾವಡಿಯ ತುಂಬ ರೋಗಿಗಳು ಮಲಗಿದ್ದರು. ಅವರಿಗೆ ಗಂಜಿ ಕುಡಿಸುವುದು, ವಾಂತಿ ಬಳಿಯುವುದು, ಹಾಸಿಗೆ ಒಗೆಯುವುದು ಎಲ್ಲವೂ ಶೇಷಪ್ಪನ ಪಾಲಿಗೆ ಬಂದಿತ್ತು. ಸರಿಯಾದ ಸ್ನಾನವಿಲ್ಲ, ನಿದ್ದೆಯಿಲ್ಲ. ದಿನವೂ ಓದುತ್ತಿದ್ದ ಗ್ರಂಥವನ್ನು ಅವನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟುಬಿಟ್ಟಿದ್ದ.

"ಕೈ ಮೈಲಿಗೆ, ಕಣ್ಣು ಎಳೆಯುತ್ತದೆ. ಹೀಗೆ ಓದಿದರೆ ಗ್ರಂಥಕ್ಕೆ ಅಪಚಾರ. ಜ್ವರವೆಲ್ಲ ಇಳಿದ ಮೇಲೆ ಮಡಿಯುಟ್ಟು, ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಓದುತ್ತೇನೆ. ಆದರೆ ಈಗ ನನ್ನಲ್ಲಿ ಶಕ್ತಿಯಿಲ್ಲ. ನಾಳೆಯಿಂದ ಚಾವಡಿಗೆ ನಾನು ಹೋಗಲಾರೆ. ಬೇರೆ ಯಾರೂ ಇಲ್ಲ ಎಂದು ಗೊತ್ತು. ಆದರೂ ಹೋಗಲಾರೆ."

ಗುರುಗಳ ಮುಖ ಕೆಂಪಾಯಿತು. "ಸೇರಿಸಿ ಓದುತ್ತೀಯಾ? ಇವತ್ತಿನ ಹಸಿವಿಗೆ ಮುಂದಿನ ತಿಂಗಳು ಉಣ್ಣುತ್ತೀಯೇನೋ? ಕೂತುಕೋ, ಹೇಳುತ್ತೇನೆ" ಎಂದು ಕತೆ ಶುರುಮಾಡಿದರು.

ಒಂದು ಹೊಳೆ. ಅದಕ್ಕೆ ಒಬ್ಬನೇ ಅಂಬಿಗ. ಒಂದು ವರ್ಷ ನವರಾತ್ರಿಯಲ್ಲಿ ಹೊಳೆ ಉಕ್ಕಿ ಆಚೆ ದಡದ ಊರು ಮುಳುಗಿತು. ಅಂಬಿಗ ಹರಿಗೋಲು ಹಾಕಿ ಜನರನ್ನು ಈಚೆಗೆ ತಂದ. ಮತ್ತೆ ಹೋದ, ಮತ್ತೆ ತಂದ. ಊಟವಿಲ್ಲ, ನಿದ್ದೆಯಿಲ್ಲ. ಕೊನೆಗೆ ಕೈ ಸೋತುಹೋಯಿತು. ಆಚೆಯ ದಿಬ್ಬದ ಮೇಲೆ ಇನ್ನೂ ಒಂದಿಷ್ಟು ಜನ ಉಳಿದಿದ್ದರು. ಕೂಗುತ್ತಿದ್ದರು. ಇವನು ಹುಟ್ಟು ಹಿಡಿಯಲು ಹೋದರೆ ಬೆರಳು ಮಡಚುತ್ತಿರಲಿಲ್ಲ.

ಹೊಳೆಯ ಪಕ್ಕದಲ್ಲೇ ಒಬ್ಬ ಶಾಸ್ತ್ರಿಯ ಮನೆ. ಅಂಬಿಗ ತೂರಾಡುತ್ತ ಹೋಗಿ ಅವನ ಜಗಲಿಯ ಕೆಳಗೆ ನಿಂತ.

"ಸ್ವಾಮಿ, ನನ್ನಪ್ಪ ಕೈಸೋತಾಗೆಲ್ಲ ನಿಮ್ಮ ತಂದೆಯವರ ಬಾಯಲ್ಲಿ ಪುರಾಣ ಕೇಳಿ, ಎದ್ದು ಹೋಗಿ ಹುಟ್ಟು ಹಿಡಿಯುತ್ತಿದ್ದ. ನನಗೂ ಎರಡು ಮಾತು ಓದಿ. ಇನ್ನೊಂದು ಸಲ ಹೋಗಿಬರುತ್ತೇನೆ" ಎಂದ.

ಅಯ್ಯೋ, ಆ ಮಹಾನುಭಾವ ಏನು ಹೇಳಿದ ಗೊತ್ತೇನೋ? "ಪುಸ್ತಕವನ್ನು ಸರಸ್ವತಿ ಪೂಜೆಗೆ ಇಟ್ಟಿದ್ದೇನೆ. ವಿಜಯದಶಮಿಯವರೆಗೆ ತೆಗೆಯುವಂತಿಲ್ಲ. ಅಲ್ಲಿಯವರೆಗೆ ಓದುವಂತಿಲ್ಲ, ಬಾಯಲ್ಲಿ ಹೇಳುವಂತೆಯೂ ಇಲ್ಲ. ದಶಮಿಯ ದಿನ ಬಾ. ಎರಡು ಮಾತೇಕೆ, ಇಡೀ ಅಧ್ಯಾಯವನ್ನೇ ಓದುತ್ತೇನೆ" ಎಂದ. ಎಷ್ಟು ಉದಾರಿ ನೋಡು! ಅಧ್ಯಾಯಕ್ಕೆ ಅಧ್ಯಾಯವೇ ಅವನಿಗೆ ಕಂಠಪಾಠವಾಗಿತ್ತು. ಕಣ್ಣೆದುರಿಗೆ ಜನ ಮುಳುಗುತ್ತಿದ್ದರು. ಅವನು ಒಳಗೆ ಹೋಗಿ ಪುಸ್ತಕಕ್ಕೆ ಹೂವು ಏರಿಸಿದ. ಥೂ! ಆ ಹೂವಿಗೆ ಬೆಂಕಿ ಬೀಳಲಿ!

ಅಂಬಿಗ ಹೊಳೆಗೆ ಮರಳಿದ. ಹರಿಗೋಲನ್ನು ನೀರಿಗೆ ತಳ್ಳಿ ಹತ್ತಿದ. ಹುಟ್ಟು ಎರಡು ಸಲ ಎಳೆದ. ಕೈ ಮಾತು ಕೇಳಲಿಲ್ಲ. ನೀರು ಅವನನ್ನು ಈಚೆ ದಡಕ್ಕೇ ತಂದು ಒಗೆಯಿತು. ಅಲ್ಲೇ ಮರಳಿನ ಮೇಲೆ ಬಿದ್ದುಕೊಂಡ. ಎಚ್ಚರವಾಗಿ ನೋಡಿದಾಗ ಆಚೆ ದಿಬ್ಬ ಇರಲಿಲ್ಲ. ಕೂಗೂ ಇರಲಿಲ್ಲ.

ವಿಜಯದಶಮಿ ಬಂತು. ಶಾಸ್ತ್ರಿ ಪುಸ್ತಕ ತೆಗೆದ, ಗಂಧ ಹಚ್ಚಿದ. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ದೊಡ್ಡ ಮನುಷ್ಯ! ಅಂಬಿಗನಿಗೆ ಹೇಳಿಕಳಿಸಿ ಕರೆಸಿದ. ಇಡೀ ಅಧ್ಯಾಯವನ್ನು ರಾಗವಾಗಿ ಓದಿದ. ಒಂದು ಅಕ್ಷರ ತಪ್ಪಲಿಲ್ಲ. ಅಂಬಿಗ ಕೈಮುಗಿದುಕೊಂಡು ಕೊನೆಯವರೆಗೂ ಕೇಳಿದ. ಆಮೇಲೆ ಎದ್ದು ನಿಂತ.

"ಸ್ವಾಮಿ, ನೀವು ಓದಿದ್ದು ಕೇಳಿ ಈಗ ನನ್ನ ಕೈಗೆ ಶಕ್ತಿ ಬಂತು. ಯಾರನ್ನು ಕರೆತರಲಿ?" ಎಂದು ಕೇಳಿದ.

ಗುರುಗಳು ಕತೆ ನಿಲ್ಲಿಸಿದರು. ಚಾವಡಿಯಲ್ಲಿ ಯಾರೋ ನೀರು ಕೇಳುತ್ತಿದ್ದರು. ಶೇಷಪ್ಪ ಸಿಟ್ಟಿನಿಂದ ಎದ್ದು ನಿಂತ.

"ಎಂಥ ಪಾಪಿ ಗುರುಗಳೇ ಆ ಶಾಸ್ತ್ರಿ! ಸೋತು ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದನಲ್ಲ! ನಾನಾಗಿದ್ದರೆ ಆ ಪುಸ್ತಕವನ್ನು ಪೂಜೆಯ ಪೀಠದಿಂದ ಕಿತ್ತುಕೊಂಡು ಓದುತ್ತಿದ್ದೆ" ಎಂದ.

"ಹಾಗಾದರೆ, ಸೋತು ಬಂದ ನಿನಗೆ ಪುಸ್ತಕ ಬಿಚ್ಚಬೇಡ ಎಂದ ಶಾಸ್ತ್ರಿ ಯಾರೋ, ಶೇಷಪ್ಪ?" ಎಂದರು ಗುರುಗಳು.