ಚಪ್ಪಲಿಗೆ ಸಿಗದ ಕೊತ್ತಂಬರಿ ಬೀಜ

ಮೂರನೇ ಮಹಡಿಯ ಬಾಲ್ಕನಿಯಲ್ಲಿ ನೀಲಮ್ಮ ಸೀಳುಬಿಟ್ಟ ಬಕೆಟ್ಟಿಗೆ ಮಣ್ಣು ತುಂಬಿದಳು. ಆಮೇಲೆ ಅಡುಗೆಮನೆಯ ಡಬ್ಬಿಯಿಂದ ಕೊತ್ತಂಬರಿ ಬೀಜ ತಂದು ನೆಲದ ಮೇಲೆ ಹರಡಿ, ಚಪ್ಪಲಿಯಿಂದ ತಿಕ್ಕತೊಡಗಿದಳು. ಒಂದು ಬೀಜ ಜಾರಿಕೊಂಡು ಮೂಲೆ ಸೇರಿತು.

"ಯಾಕೆ ಓಡಿದೆ?" ಎಂದಿತು ಚಪ್ಪಲಿ.

"ನಾನು ಸಾರಿನಪುಡಿಯ ಮನೆತನದವನು. ನಿನ್ನ ಕೆಳಗೆ ಬಿದ್ದು ಮಾನ ಕಳೆದುಕೊಳ್ಳಲೇ? ನಾನು ದುಂಡಗೇ ಇರುತ್ತೇನೆ."

"ನಿನ್ನ ಮಾನ ನಿನಗಿರಲಿ. ಆದರೆ ನಿಮ್ಮ ಒಂದೊಂದು ಬೀಜದೊಳಗೂ ಇಬ್ಬರಿದ್ದೀರಿ. ನಾನು ತುಳಿಯುವುದು ಬಾಗಿಲು ತೆಗೆಯಲಿಕ್ಕೆ."

ಹೋಳಾದ ಬೀಜಗಳು ಬಕೆಟ್ಟು ಸೇರಿದವು. ನೀಲಮ್ಮ ದಿನವೂ ಅಕ್ಕಿ ತೊಳೆದ ನೀರು ಹಾಕಿದಳು. ಹತ್ತನೇ ದಿನಕ್ಕೆ ಒಂದು ಬೀಜ ಬಿದ್ದ ಕಡೆ ಎರಡೆರಡು ಮೊಳಕೆ ಎದ್ದವು. ದುಂಡು ಬೀಜ ಮಾತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

"ಅಯ್ಯೋ, ಅಂಚಲ್ಲಿ ಇನ್ನೂ ಜಾಗ ಇದೆಯಲ್ಲ!" ಎಂದು ನೀಲಮ್ಮ ಮತ್ತೊಂದು ಹಿಡಿ ಬೀಜ ಹರಡಿ ಚಪ್ಪಲಿ ಎತ್ತಿಕೊಂಡಳು. ದುಂಡು ಬೀಜ ಮೂಲೆಯಿಂದ ಉರುಳಿ ಬಂದು ಎಲ್ಲಕ್ಕಿಂತ ಮುಂದೆ ನಿಂತಿತು.

"ಮನೆತನದವರು ಇತ್ತ ಬಂದಿರಲ್ಲ?" ಎಂದಿತು ಚಪ್ಪಲಿ.

"ತುಳಿ, ಆದರೆ ಮೆಲ್ಲಗೆ ತುಳಿ," ಎಂದಿತು ಬೀಜ. "ಒಳಗೆ ಇಬ್ಬರಿದ್ದೇವೆ."